ಆಗುಂಬೆಯಲ್ಲಿ ಒಂದು ಪಂಚೆ, ಒಂದು ದೀಪ

ತೀರ್ಥಹಳ್ಳಿಯಲ್ಲಿ ಬಸ್ ಬದಲಿಸಿ ಆಗುಂಬೆ ಮುಟ್ಟಿದಾಗ ಸಂಜೆ ಐದಾಗಿತ್ತು. ಜೂನ್ ಮೊದಲ ವಾರ. ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಬೀಳುವ ಊರಲ್ಲಿ ಅವತ್ತು ಬರೀ ಮೋಡ. ಬಸ್ಸಿನಲ್ಲಿದ್ದ ಬಹಳ ಜನ ಸೂರ್ಯಾಸ್ತ ನೋಡಲು ಓಡಿದರು. ನಾನೂ ಮಗಳೂ ಮಾತ್ರ ಯಾವಾಗ ಕತ್ತಲಾಗುತ್ತೋ ಅಂತ ಕಾಯುತ್ತಿದ್ದೆವು. ನಾವು ಬಂದದ್ದು ರಾತ್ರಿಯ ಹುಳಗಳನ್ನು ನೋಡಲು.

ಸೋಮೇಶ್ವರ ವನ್ಯಧಾಮದೊಳಗೆ ರಾತ್ರಿ ಸುಮ್ನೆ ಓಡಾಡುವ ಹಾಗಿಲ್ಲ. ಅದಕ್ಕೇ ಕಾಡಿಗೆ ತಾಗಿದ ಒಂದು ಮನೆಯಲ್ಲಿ ಉಳಿದಿದ್ದೆವು. ಆ ಮನೆಯ ಭಟ್ರಿಗೆ ಪತಂಗ ಅಂದರೆ ಪ್ರಾಣ. ಅಂಗಳದ ತುದಿಯಲ್ಲಿ ಎರಡು ಅಡಿಕೆ ದಬ್ಬೆ ನೆಟ್ಟು, ನಡುವೆ ಹಳೇ ಬಿಳಿ ಪಂಚೆ ಬಿಗಿದು, ಅದರ ಮುಂದೆ ಮರ್ಕ್ಯುರಿ ದೀಪ ತೂಗುಹಾಕಿದರು. ಇಂಬಳ ಹತ್ತದಿರಲಿ ಅಂತ ನಮ್ಮ ಕಾಲ್ಚೀಲಕ್ಕೆ ಹೊಗೆಸೊಪ್ಪಿನ ನೀರನ್ನೂ ಹಚ್ಚಿಸಿದರು.

ದೀಪ ಹಾಕಿದ ಐದೇ ನಿಮಿಷಕ್ಕೆ ರೆಕ್ಕೆ ಬಂದ ಗೆದ್ದಲು ಮುತ್ತಿದವು. ಆಮೇಲೆ ಚಿಗುರು ಬಣ್ಣದ ಚಿಕ್ಕ ಪತಂಗಗಳು, ಒಣಗಿದ ಎಲೆಯಂತೆಯೇ ಮಡಚಿಕೊಂಡು ಕೂರುವವು, ಚೂಪು ರೆಕ್ಕೆಯ ಹಾಕ್‌ಮಾತ್‌ಗಳು. ದುಂಬಿಗಳು ದಬ್ ಅಂತ ಬಂದು ಬೀಳುತ್ತಿದ್ದವು. ಒಂದು ಸೂರ್ಯನ ಕುದುರೆ ಪಂಚೆಯ ಅಂಚಿನಲ್ಲಿ ನಿಂತು ಬಂದದ್ದನ್ನೆಲ್ಲ ಹಿಡಿದು ತಿನ್ನುತ್ತಿತ್ತು.

"ಅವಕ್ಕೆ ದೀಪ ಅಂದ್ರೆ ಇಷ್ಟಾನಾ ಅಜ್ಜ?" ಅಂದಳು ಮಗಳು.

"ಇಷ್ಟ ಅಲ್ಲ ಮಗಾ, ಸಿಕ್ಕಿಹಾಕಿಕೊಂಡಿದಾವೆ" ಅಂದರು ಭಟ್ರು. ಅವರು ಹೇಳಿದ್ದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ. ರಾತ್ರಿ ನೆಲಕ್ಕಿಂತ ಆಕಾಶವೇ ಬೆಳಕು. ಆ ಬೆಳಕಿಗೆ ಬೆನ್ನು ಕೊಟ್ಟು ಹಾರಿದರೆ ಹುಳಕ್ಕೆ ಮೇಲು ಯಾವುದು, ಕೆಳಗು ಯಾವುದು ಅಂತ ತಪ್ಪುವುದಿಲ್ಲ. ನಾವು ದೀಪ ಹಚ್ಚಿದರೆ ಆ ದೀಪಕ್ಕೂ ಬೆನ್ನು ತಿರುಗಿಸುತ್ತದೆ, ಅಲ್ಲೇ ಸುತ್ತುತ್ತದೆ. ದೀಪದ ಮೇಲೆ ಹಾರಿದ ಒಂದು ಪುಟ್ಟ ಪತಂಗ ನಮ್ಮ ಕಣ್ಣೆದುರೇ ಬುಡಮೇಲಾಗಿ ನೆಲಕ್ಕೆ ಬಿತ್ತು. ದೀಪದ ಆಸೆಗೆ ಸಾಯುವ ಹುಳ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೀವಲ್ಲ, ಪಾಪ.

ಹತ್ತೂವರೆ ಇರಬೇಕು, ಅಟ್ಲಾಸ್ ಪತಂಗ ಬಂತು. ಮೊದಲು ಬಾವಲಿ ಅಂದುಕೊಂಡೆ. ಕೂತ ಮೇಲೆ ನೋಡಿದರೆ ನನ್ನ ಎರಡು ಅಂಗೈ ಅಗಲ, ಇಟ್ಟಿಗೆ ಬಣ್ಣ. ರೆಕ್ಕೆಯ ತುದಿ ಥೇಟ್ ಹಾವಿನ ತಲೆ. ಪ್ರತಿ ರೆಕ್ಕೆಯಲ್ಲೂ ಮೂರು ಮೂಲೆಯ ಒಂದು ಕಿಟಕಿ, ಅಲ್ಲಿ ಬಣ್ಣವೇ ಇಲ್ಲ. ಹತ್ತಿರ ಬಗ್ಗಿದರೆ ಅದರ ಮೂಲಕ ಪಂಚೆಯ ನೂಲು ಒಂದೊಂದೂ ಕಾಣುತ್ತಿತ್ತು. ಮೀಸೆ ಅಗಲವಾದ ಗರಿಯ ಹಾಗಿತ್ತು, ಅಂದರೆ ಗಂಡು. ಆ ಮೀಸೆಯಿಂದಲೇ ಅದು ದೂರದ ಹೆಣ್ಣಿನ ವಾಸನೆ ಹಿಡಿಯುವುದು.

ಭಟ್ರು ನಮಗೆ ಹತ್ತು ನಿಮಿಷ ಕೊಟ್ಟರು. ಆಮೇಲೆ, "ಸಾಕು, ದೀಪ ಆರಿಸ್ತೀನಿ. ಇದಕ್ಕೆ ತಿನ್ನೋಕೆ ಬಾಯೇ ಇಲ್ಲ. ಹುಳವಾಗಿದ್ದಾಗ ತಿಂದದ್ದರಲ್ಲೇ ಬದುಕಬೇಕು. ಇರೋ ನಾಲ್ಕಾರು ರಾತ್ರಿಲಿ ಒಂದನ್ನ ನಾವು ಕಿತ್ಕೊಳ್ಳೋದಾ?" ಅಂದರು. ಫೋಟೊ ಇನ್ನೂ ಸರಿಯಾಗಿ ಬಂದಿರಲಿಲ್ಲ. ಆದರೂ ಕ್ಯಾಮೆರಾ ಚೀಲಕ್ಕೆ ಹಾಕಿದೆ.

ಕೆಂಪು ಕಾಗದ ಸುತ್ತಿದ ಟಾರ್ಚ್ ಒಂದೇ ಉಳಿಯಿತು. ತುಂಬಾ ಹೊತ್ತು ಪತಂಗ ಅಲ್ಲಾಡಲಿಲ್ಲ. ಆಮೇಲೆ ರೆಕ್ಕೆ ಸಣ್ಣಗೆ ನಡುಗಲು ಶುರುವಾಯಿತು. ಹಾರುವ ಮೊದಲು ಮೈ ಬಿಸಿ ಮಾಡಿಕೊಳ್ಳುವುದು ಹೀಗೆ. ನಡುಕ ಜಾಸ್ತಿಯಾಗಿ ಪಂಚೆಯೇ ಅದುರಿತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ತಟ್ಟನೆ ಎದ್ದು ಕಾಡಿನ ಕಡೆ ಹೋಯಿತು. ಅದು ಹೋದ ದಿಕ್ಕನ್ನೇ ನೋಡುತ್ತಾ ನಿಂತಾಗ ತೋಟದ ತುಂಬ ಮಿಣುಕುಹುಳ ಕಂಡವು. ಅವು ಆಗಿನಿಂದಲೂ ಅಲ್ಲೇ ಇದ್ದಿರಬೇಕು, ನಮ್ಮ ದೀಪದ ಮುಂದೆ ಕಂಡಿರಲಿಲ್ಲ ಅಷ್ಟೇ.

ಬೆಳಗ್ಗೆ ಪಂಚೆ ಬಿಚ್ಚುವಾಗ ಮಗಳು ಕೂಗಿದಳು. ಮಡಿಕೆಯೊಂದರಲ್ಲಿ ಸಾಸಿವೆಗಿಂತ ಚಿಕ್ಕ ಹಸಿರು ಮೊಟ್ಟೆಗಳ ಸಾಲು. ಯಾವುದೋ ಪತಂಗ ರಾತ್ರಿ ಇಟ್ಟು ಹೋಗಿತ್ತು. ಭಟ್ರು ಅಷ್ಟು ಬಟ್ಟೆಯನ್ನು ಕತ್ತರಿಸಿ, ಹಿತ್ತಲ ಪೊದೆಯೊಳಗೆ ಮಳೆ ತಾಗದ ಕಡೆ ಸಿಕ್ಕಿಸಿದರು. "ಯಾವ ಎಲೆ ಬೇಕೋ ಅವೇ ಹುಡುಕಿಕೊಳ್ಳಲಿ" ಅಂದರು.