17 ಶೆಕೆಲ್ ಬೆಳ್ಳಿಯ ಹೊಲ

ಜೆರುಸಲೇಮಿನ ಅತಿ ಹಳೆಯ ಭಾಗವಾದ ದಾವೀದನ ಪಟ್ಟಣ ಇರೋದು ಹಳೆ ಕೋಟೆಯ ಹೊರಗೆ, ದಕ್ಷಿಣದ ಇಳಿಜಾರಿನಲ್ಲಿ. ನಮ್ಮ ಗುಂಪಿನ ಹೆಚ್ಚಿನವರು ಹಿಜ್ಕೀಯ ರಾಜನ ಕಾಲದ ನೀರಿನ ಸುರಂಗಕ್ಕೆ ಇಳಿಯಲು ಹೊರಟರು. ನಾನು ಮೇಲೆಯೇ ಉಳಿದೆ. ನನಗೆ ನೋಡಬೇಕಾಗಿದ್ದು ಸುಟ್ಟುಹೋದ ಮನೆಗಳನ್ನು.

ಕ್ರಿ.ಪೂ. 586ರಲ್ಲಿ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಸೈನ್ಯ ಈ ಊರಿಗೆ ಬೆಂಕಿ ಇಟ್ಟಿತು. 1982ರಲ್ಲಿ ಪುರಾತತ್ವಜ್ಞ ಇಗಾಲ್ ಶಿಲೋ ಅವರ ತಂಡಕ್ಕೆ ಇಲ್ಲಿನ ಒಂದು ಮನೆಯಲ್ಲಿ 51 ಮಣ್ಣಿನ ಮುದ್ರೆಗಳು ಸಿಕ್ಕವು. ಆಗೆಲ್ಲ ಪತ್ರವನ್ನು ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಹಸಿಮಣ್ಣು ಮೆತ್ತಿ ಮುದ್ರೆ ಒತ್ತುತ್ತಿದ್ದರು. ಪತ್ರಗಳು ಬೂದಿಯಾದವು. ಮಣ್ಣು ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾಯಿತು. ಒಂದರ ಮೇಲೆ ಶಾಫಾನನ ಮಗ ಗೆಮರ್ಯ ಎಂಬ ಹೆಸರಿದೆ. ಪ್ರವಾದಿ ಯೆರೆಮೀಯನ ಮಾತುಗಳಿದ್ದ ಸುರುಳಿಯನ್ನು ಸುಡಬೇಡ ಎಂದು ರಾಜನನ್ನು ಬೇಡಿಕೊಂಡವನ ಹೆಸರೂ ಅದೇ. ಅಂಥ ಮುದ್ರೆಗಳನ್ನು ಆಮೇಲೆ ಮ್ಯೂಸಿಯಮ್ಮಿನ ಗಾಜಿಗೆ ಮೂಗು ತಾಗಿಸಿ ನೋಡಿದೆ. ಉಗುರಿನಷ್ಟೇ ಇವೆ, ನಾಲ್ಕೈದು ಅಕ್ಷರಕ್ಕೊಂದು ಸಾಲು.

ಬೆಂಕಿ ಬೀಳುವ ಹಿಂದಿನ ವರ್ಷದ ಮಾತು. ಊರನ್ನು ಶತ್ರು ಸುತ್ತುವರಿದಿದ್ದ. ಊರು ಬೀಳುತ್ತೆ ಎಂದು ಹೇಳಿದ್ದಕ್ಕೆ ಯೆರೆಮೀಯನನ್ನು ಚಿದ್ಕೀಯ ರಾಜ ಕಾವಲಲ್ಲಿ ಇಟ್ಟಿದ್ದ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ನಮ್ಮೂರು ಅನಾತೋತಿನ ನನ್ನ ಹೊಲ ಕೊಂಡುಕೋ ಅಂದ. ಶತ್ರುವಿನ ಕೈಸೇರಿದ ನೆಲ! ಯಾರು ಕೊಳ್ತಾರೆ ಹೇಳಿ? ಯೆರೆಮೀಯ ಕೊಂಡ. 17 ಶೆಕೆಲ್, ಅಂದರೆ ಸುಮಾರು 200 ಗ್ರಾಂ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಸಾಕ್ಷಿ ಹಾಕಿಸಿದ. ಮುಚ್ಚಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಮಣ್ಣಿನ ಪಾತ್ರೆಯಲ್ಲಿಡು, ಬಹಳ ಕಾಲ ಉಳಿಯಲಿ ಎಂದು ತನ್ನ ಬರಹಗಾರ ಬಾರೂಕನಿಗೆ ಹೇಳಿದ. ಈ ನಾಡಿನಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುತ್ತಾರೆ ಅನ್ನುವ ದೇವರ ಮಾತು ಬರುವುದು ಇಲ್ಲೇ.

ಕನ್ನಡ ಬೈಬಲ್ ಇದನ್ನು ಕ್ರಯಪತ್ರ ಎನ್ನುತ್ತದೆ. ಆ ಪದಕ್ಕೇ ನಾನು ಚಿಕ್ಕಂದಿನಲ್ಲಿ ಯೆರೆಮೀಯನ ಪುಸ್ತಕದ ಈ 32ನೇ ಅಧ್ಯಾಯಕ್ಕೆ ಅಂಟಿಕೊಂಡಿದ್ದು. ಬಾಬೆಲಿಗೆ ಸೆರೆಹೋದ ಜನ ಮರಳಿ ಬರುವ ದಿನದ ಬಗ್ಗೆ ಪ್ರವಾದಿಗಳು ಎಷ್ಟೋ ದೊಡ್ಡ ಮಾತು ಆಡಿದ್ದಾರೆ. ಯೆಹೆಜ್ಕೇಲನ ಕಣಿವೆಯಲ್ಲಿ ಒಣಗಿದ ಎಲುಬುಗಳೇ ಎದ್ದು ನಿಲ್ಲುತ್ತವೆ. ನನಗೆ ಮಾತ್ರ ಅವೆಲ್ಲಕ್ಕಿಂತ ಈ ಪತ್ರದ ಮೇಲೆ ಜಾಸ್ತಿ ನಂಬಿಕೆ. ಕೈಯಿಂದ ಬೆಳ್ಳಿ ಬಿಚ್ಚಿದ್ದಾನೆ, ಅಲ್ವಾ?

ಸಂಜೆ ಸ್ಕೋಪಸ್ ಗುಡ್ಡ ಹತ್ತಿದೆ. ಪೂರ್ವಕ್ಕೆ ಮರುಭೂಮಿಯ ಬೋಳು ದಿಣ್ಣೆಗಳು. ಈಚೆಗೆ ಒತ್ತೊತ್ತಾಗಿ ಮನೆಗಳು, ನಡುವೆ ಹಾವಿನಂತೆ ಹೊರಳುವ ಬೂದುಬಣ್ಣದ ಕಾಂಕ್ರೀಟ್ ಗೋಡೆ. ಗೋಡೆಯಾಚೆ ಅನಾತಾ. ಅನಾತೋತಿನ ಹೆಸರು ಇವತ್ತಿಗೂ ಉಳಿದಿರುವ ಊರು. ಅಲ್ಲಿರುವವರು ಪ್ಯಾಲೆಸ್ಟೀನಿಯರು. ಅವರ ಮನೆಗಳಲ್ಲೂ ಅಜ್ಜನ ಕಾಲದ ಜಮೀನು ಪತ್ರಗಳು ಇರುತ್ತವಲ್ಲ. ಅವರನ್ನು ಕಣ್ಣಿಗೆ ಬೀಳದವರಂತೆ ಬದಿಗಿಟ್ಟು ಈ ವಾಗ್ದಾನ ಓದಲು ನನಗೆ ಬರುವುದಿಲ್ಲ. ಪರದೇಶಿ, ಅನಾಥ, ವಿಧವೆಯನ್ನು ಹಿಂಸಿಸದಿದ್ದರೆ ಮಾತ್ರ ಈ ನೆಲದಲ್ಲಿ ನೆಲೆ ಎಂದವನೂ ಇದೇ ಯೆರೆಮೀಯ, ಏಳನೇ ಅಧ್ಯಾಯದಲ್ಲಿ.

ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆ. ಯೆರೆಮೀಯ ಆ ಹೊಲ ಉತ್ತ ಸುದ್ದಿ ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಊರು ಬಿದ್ದ ಮೇಲೆ ಅವನನ್ನು ಈಜಿಪ್ಟಿಗೆ ಎಳೆದೊಯ್ದರು. ಮದುವೆಯಾಗಬೇಡ ಎಂದು ದೇವರೇ ಹೇಳಿದ್ದರಿಂದ ವಾರಸುದಾರರೂ ಇರಲಿಲ್ಲ. ಕ್ರಿ.ಪೂ. 538ರ ಸುಮಾರಿಗೆ ಪರ್ಷಿಯದ ದೊರೆ ಕೋರೆಷ ಸೆರೆಯವರಿಗೆ ಮರಳಲು ಅಪ್ಪಣೆ ಕೊಟ್ಟ. ಬಂದವರ ಲೆಕ್ಕ ಎಜ್ರನ ಪುಸ್ತಕದ ಎರಡನೇ ಅಧ್ಯಾಯದಲ್ಲಿದೆ, ಊರೂರಿನ ಪಟ್ಟಿ. ಮೊಬೈಲಿನ ಬೆಳಕಿನಲ್ಲಿ ಅದನ್ನು ಬೆರಳಿಟ್ಟು ಹುಡುಕಿದೆ. ಅನಾತೋತಿನವರು 128 ಮಂದಿ.