ಹಲಗೆ ಮೇಲೆ ಬೆಟ್ಟ, ಇಂಜಿನ್‌ಗೆ ನೆಗಡಿ

ಮೊದಲ ಮೂರು ವಾರ

ಮಾದರಿ ರೈಲು ಓಡಿಸಲು ಮೇಜು ನಿಂತಿದೆ. 2.4 ಮೀಟರ್ ಉದ್ದ, 1.2 ಮೀಟರ್ ಅಗಲ. ಮೇಲೆ 12 ಮಿಮೀ ಪ್ಲೈವುಡ್, ಕೆಳಗೆ ಮರದ ಚೌಕಟ್ಟು. ಕಾಲುಗಳಿಗೆ ಗಾಲಿ ಹಾಕಿದ್ದೇನೆ. ಗೋಡೆಗೆ ಒತ್ತಿ ಇಟ್ಟರೆ ಹಿಂದಿನ ಮೂಲೆಗೆ ಕೈ ಎಟುಕುವುದಿಲ್ಲ. ಬೋಗಿ ಹಳಿ ತಪ್ಪುವುದೂ ಸರಿಯಾಗಿ ಆ ಮೂಲೆಯಲ್ಲೇ, ಇದು ಯಾಕೋ ಗೊತ್ತಿಲ್ಲ.

ಅಳತೆ ಎಚ್‌ಒ, ಅಂದರೆ 1:87. ಎರಡು ಹಳಿಗಳ ನಡುವೆ 16.5 ಮಿಮೀ. ಈ ಲೆಕ್ಕದಲ್ಲಿ ಆರಡಿ ಆಳು 21 ಮಿಮೀ ಆಗುತ್ತಾನೆ, 20 ಮೀಟರ್ ಬೋಗಿ 23 ಸೆಂಮೀ ಆಗುತ್ತದೆ. ಎನ್ ಅಳತೆ ತೆಗೆದುಕೊಂಡಿದ್ದರೆ ಹಳಿಯ ಅಗಲ 9 ಮಿಮೀ ಮಾತ್ರ, ಇದೇ ಮೇಜಿನಲ್ಲಿ ಊರು, ಕೆರೆ, ಎರಡು ಸ್ಟೇಷನ್ ಎಲ್ಲ ಹಿಡಿಯುತ್ತಿತ್ತು. ಆದರೆ ನನಗೆ ಬೇಕಿದ್ದದ್ದು ಸದ್ದು. ಇಂಜಿನ್ ಹೊಟ್ಟೆಯಲ್ಲಿ ಸ್ಪೀಕರ್ ಕೂರಬೇಕು, ಅದಕ್ಕೆ ಜಾಗ ಬೇಕು. ಹಾಗಾಗಿ ಎಚ್‌ಒ.

ನಕ್ಷೆ ಸರಳ: ಒಂದೇ ಹಳಿಯ ದೊಡ್ಡ ಸುತ್ತು, ಮುಂದೆ ಸ್ಟೇಷನ್, ಅಲ್ಲಿ ಎದುರು ಗಾಡಿಗೆ ದಾರಿ ಬಿಡಲು ಇನ್ನೊಂದು ಲೈನ್. ಒಂದು ಮೂಲೆಯಲ್ಲಿ ಬೆಟ್ಟ, ಅದರೊಳಗೆ ಸುರಂಗ. ಪಕ್ಕದಲ್ಲಿ ಹಳ್ಳ, ಅದಕ್ಕೊಂದು ಸೇತುವೆ. ಒಂದು ಹಳಿಯ ಮೇಲೆ ಇನ್ನೊಂದು ಹಾದುಹೋಗಲಿ ಅಂತ ಬಹಳ ಆಸೆ ಇತ್ತು. ಲೆಕ್ಕ ಹಾಕಿದೆ. ಕೆಳಗಿನ ಗಾಡಿಗೆ ತಲೆ ತಗುಲದಿರಲು ಮೇಲಿನ ಹಳಿ ಸುಮಾರು 7.5 ಸೆಂಮೀ ಏರಬೇಕು. ಮೀಟರಿಗೆ 2.5 ಸೆಂಮೀ ಏರು ಅಂದರೂ ಹತ್ತಲು 3 ಮೀಟರ್, ಇಳಿಯಲು ಇನ್ನೊಂದು 3 ಮೀಟರ್. ಸ್ಟೇಷನ್ ಇಳಿಜಾರಿನಲ್ಲಿ ಕೂರಬೇಕಾಗುತ್ತಿತ್ತು. ಆಸೆ ಕೈಬಿಟ್ಟೆ.

ಐದನೇ ವಾರ

ವೈರಿಂಗ್ ಮುಗಿಯಿತು. ಬೋರು ಹೊಡೆಸುವ ಕೆಲಸ, ಆದರೆ ಇಲ್ಲಿ ಸೋಮಾರಿತನ ಮಾಡಿದರೆ ಮುಂದೆ ಅಳಬೇಕು. ಮೇಜಿನ ಕೆಳಗೆ 1.5 ಚದರ ಮಿಮೀ ದಪ್ಪದ ಎರಡು ವೈರು ಸುತ್ತಲೂ ಓಡುತ್ತವೆ. ಪ್ರತಿ ತುಂಡು ಹಳಿಯಿಂದ ಒಂದು ಸಣ್ಣ ವೈರು ಇಳಿದು ಅದಕ್ಕೆ ಸೇರುತ್ತದೆ. ಹಳಿ ಜೋಡಿಸುವ ಕ್ಲಿಪ್ಪುಗಳೇ ಕರೆಂಟ್ ದಾಟಿಸುತ್ತವೆ ಅಂತ ನಂಬಬಾರದು. ಇವತ್ತು ದಾಟಿಸುತ್ತವೆ, ಆರು ತಿಂಗಳಾದ ಮೇಲೆ ತುಕ್ಕು ಹಿಡಿದು ಕೈ ಕೊಡುತ್ತವೆ.

ಕೊನೆಗೆ ನಾಣ್ಯದ ಪರೀಕ್ಷೆ. ಕಂಟ್ರೋಲರ್‌ನಿಂದ ಅತಿ ದೂರದ ಜಾಗದಲ್ಲಿ ಎರಡು ಹಳಿಗೂ ತಾಗುವ ಹಾಗೆ ಒಂದು ನಾಣ್ಯ ಇಡುವುದು. ಕಂಟ್ರೋಲರ್ ತಕ್ಷಣ ಕರೆಂಟ್ ಕಡಿದರೆ ವೈರಿಂಗ್ ಗಟ್ಟಿ. ಕಡಿಯದಿದ್ದರೆ, ಮುಂದೊಂದು ದಿನ ಶಾರ್ಟ್ ಆದಾಗ ಇಂಜಿನ್ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಸುರಂಗದ ಜಾಗದಲ್ಲಿ ಮೊದಲ ಸಲ ಕಡಿಯಲಿಲ್ಲ. ನೋಡಿದರೆ ಅಲ್ಲೊಂದು ಬೆಸುಗೆ ಹಿಡಿದ ಹಾಗೆ ಕಾಣುತ್ತಿತ್ತು ಅಷ್ಟೇ, ಹಿಡಿದಿರಲಿಲ್ಲ.

ಹಳೇ ಪದ್ಧತಿಯಲ್ಲಿ ಹಳಿಗೆ ಕೊಡುವ ವೋಲ್ಟೇಜ್ ಏರಿಸಿದರೆ ಗಾಡಿ ಜೋರಾಗಿ ಓಡುತ್ತದೆ, ಇಳಿಸಿದರೆ ನಿಧಾನ. ಡಿಜಿಟಲ್‌ನಲ್ಲಿ, ಅಂದರೆ ಡಿಸಿಸಿಯಲ್ಲಿ, ಹಳಿಯ ಮೇಲೆ ವೋಲ್ಟೇಜ್ ಯಾವಾಗಲೂ ಪೂರ್ತಿ ಇರುತ್ತದೆ. ಅದು ಕ್ಷಣಕ್ಷಣಕ್ಕೂ ಅದಲುಬದಲು ಆಗುತ್ತಿರುತ್ತದೆ, ಆ ಅದಲುಬದಲಿನ ಅವಧಿಯಲ್ಲೇ ಸಂದೇಶ ಅಡಗಿರುತ್ತದೆ. ಚಿಕ್ಕ ತುಡಿತ, 58 ಮೈಕ್ರೋಸೆಕೆಂಡಿನದು, ಅಂದರೆ 1. ಉದ್ದನೆಯದು, 100ರ ಆಸುಪಾಸಿನದು, ಅಂದರೆ 0. ಇಂಜಿನ್ ಒಳಗಿನ ಡಿಕೋಡರ್ ಇದನ್ನು ಕೇಳುತ್ತಾ ಕೂತಿರುತ್ತದೆ. ತನ್ನ ನಂಬರ್ ಬಂದಾಗ ಮಾತ್ರ ಓಗೊಡುತ್ತದೆ.

ಹೊಸ ಡಿಕೋಡರ್‌ಗಳೆಲ್ಲ ಸಾಮಾನ್ಯವಾಗಿ 3 ಎಂಬ ಒಂದೇ ನಂಬರ್ ಇಟ್ಟುಕೊಂಡು ಬರುತ್ತವೆ. ಇದು ನನಗೆ ಗೊತ್ತಿತ್ತು. ಆದರೂ ಎರಡು ಇಂಜಿನ್ ಹಳಿ ಮೇಲೆ ಇಟ್ಟು, ಒಂದನ್ನು ಓಡಿಸಲು ಹೋದೆ. ಎರಡೂ ಹೊರಟವು, ಅದೂ ಎದುರುಬದುರಾಗಿ. ಮಗಳು ಚಪ್ಪಾಳೆ ತಟ್ಟಿದಳು. ಈಗ ಉಗಿ ಇಂಜಿನ್‌ಗೆ 21, ಡೀಸೆಲ್‌ಗೆ 34.

ಏಳನೇ ವಾರ

ಸದ್ದು ಬಂತು!

ಸ್ಪೀಕರ್ ಅಂದರೆ 11 ಮಿಮೀ ಅಗಲ, 15 ಮಿಮೀ ಉದ್ದದ ಒಂದು ಚೂರು. ಅದನ್ನು ಸುಮ್ನೆ ವೈರಿಗೆ ಸೇರಿಸಿ ಅಂಗೈ ಮೇಲೆ ಇಟ್ಟು ಕೇಳಿದಾಗ ಸೊಳ್ಳೆ ಗುಂಯ್‌ಗುಟ್ಟಿದ ಹಾಗಿತ್ತು. ಸ್ಪೀಕರ್‌ನ ನಡುಗುವ ತೆಳು ಪರದೆಯ ಮುಂದೆ ಹುಟ್ಟುವ ಸದ್ದನ್ನು ಹಿಂದೆ ಹುಟ್ಟುವ ಸದ್ದೇ ನುಂಗಿಹಾಕುತ್ತದೆ, ಅದಕ್ಕೆ ಹೀಗೆ. ಹಿಂಬದಿಗೆ ಒಂದು ಪುಟ್ಟ ಡಬ್ಬಿ ಅಂಟಿಸಿ, ಸಂದುಗಳನ್ನೆಲ್ಲ ಅಂಟಿನಿಂದ ಮುಚ್ಚಿದೆ. ಅದೇ ಸ್ಪೀಕರ್, ಅದೇ ಶಿಳ್ಳೆ, ಪಕ್ಕದ ಕೋಣೆಗೆ ಕೇಳಿಸಿತು. ಸೂಜಿಮೊನೆಯಷ್ಟು ಸಂದು ಉಳಿದರೂ ಸದ್ದು ಮತ್ತೆ ತೆಳ್ಳಗಾಗುತ್ತದೆ. ನಂಬಿಕೆ ಇಲ್ಲದವರು ಮಾಡಿ ನೋಡಬಹುದು.

ಡಬ್ಬಿಯನ್ನು ಉಗಿ ಇಂಜಿನ್ ಹಿಂದಿನ ಕಲ್ಲಿದ್ದಲ ಗಾಡಿಯೊಳಗೆ ಕೂರಿಸಿದೆ. ಸ್ಪೀಕರ್ ಮುಖ ಕೆಳಗೆ, ಹಳಿಯ ಕಡೆ. ತಳದಲ್ಲಿ ನಾಲ್ಕು ತೂತು. (ಈ ನಾಲ್ಕು ತೂತು ನೆನಪಿಟ್ಟುಕೊಳ್ಳಿ.)

ಮೊದಲ ದಿನ ವಾಲ್ಯೂಮ್ ಪೂರ್ತಿ ಇಟ್ಟು ಕುಣಿದಾಡಿದೆವು. ಎರಡನೇ ದಿನಕ್ಕೆ ತಲೆನೋವು. ಇಷ್ಟು ಚಿಕ್ಕ ಸ್ಪೀಕರ್‌ನಲ್ಲಿ ತಗ್ಗಿನ ಗುಡುಗು ಹುಟ್ಟುವುದಿಲ್ಲ. ವಾಲ್ಯೂಮ್ ಏರಿಸಿದಷ್ಟೂ ಕಿರುಚುವ ಭಾಗವೇ ಜಾಸ್ತಿ ಆಗುತ್ತದೆ. ಡಿಕೋಡರ್‌ನ ಒಂದೊಂದು ಸೆಟ್ಟಿಂಗ್‌ಗೂ ಸಿವಿ ಅಂತ ಒಂದು ನಂಬರ್ ಇರುತ್ತದೆ. ಲೋಕ್‌ಸೌಂಡ್ ಎಂಬ ಸದ್ದಿನ ಡಿಕೋಡರ್‌ನಲ್ಲಿ ಒಟ್ಟು ವಾಲ್ಯೂಮ್ ಇರುವುದು ಸಿವಿ 63ರಲ್ಲಿ, 0ಯಿಂದ 192ರವರೆಗೆ. ನಾನು 70ಕ್ಕೆ ಇಳಿಸಿದ್ದೇನೆ. ಒಂದು ಮಾರು ದೂರದಿಂದ ಕೇಳಿಸಿದರೆ ಸಾಕು. ನಿಜವಾದ ರೈಲನ್ನು ನಾವು ಈ ಅಳತೆಯಲ್ಲಿ ನೋಡುವುದು ಅಂದರೆ ನೂರು ಮೀಟರ್ ಆಚೆ ನಿಂತು ನೋಡಿದ ಹಾಗೆ ತಾನೇ? ಅಷ್ಟು ದೂರಕ್ಕೆ ಎಷ್ಟು ಸದ್ದು ಬರುತ್ತದೋ ಅಷ್ಟೇ ಇರಲಿ.

ಸದ್ದು ಬಂದ ಮೇಲೆ ಇನ್ನೊಂದು ಬದಲಾವಣೆ ಆಯಿತು. ಇಷ್ಟು ದಿನ ನಮ್ಮ ಗಾಡಿ ಮೇಜಿನ ಉದ್ದವನ್ನು 5 ಸೆಕೆಂಡಿಗೆ ಮುಗಿಸುತ್ತಿತ್ತು. 87ರಿಂದ ಗುಣಿಸಿದರೆ ಗಂಟೆಗೆ 150 ಕಿಮೀ! ಬೆಟ್ಟದ ಲೈನಿನ ಉಗಿಬಂಡಿಗೆ ಇದೆಂಥ ಅವಸರ? 40 ಕಿಮೀ ವೇಗಕ್ಕೆ ಮೇಜು ದಾಟಲು ಸುಮಾರು 19 ಸೆಕೆಂಡ್ ಬೇಕು. ಕಣ್ಣಿಗೆ ಈ ತಪ್ಪು ಗೊತ್ತಾಗಿರಲಿಲ್ಲ, ಕಿವಿಗೆ ಗೊತ್ತಾಯಿತು. ಜೋರಾಗಿ ಓಡಿಸಿದರೆ ಛುಕ್ ಛುಕ್ ಎಲ್ಲ ಒಂದಕ್ಕೊಂದು ಅಂಟಿಕೊಂಡು ಬುರ್ರ್ ಅನ್ನುತ್ತದೆ. ಗಾಡಿ ಎಷ್ಟು ನಿಧಾನಕ್ಕೆ ವೇಗ ಹಿಡಿಯಬೇಕು, ಎಷ್ಟು ನಿಧಾನಕ್ಕೆ ನಿಲ್ಲಬೇಕು ಅಂತ ಹೇಳುವ ಸಿವಿ 3 ಮತ್ತು ಸಿವಿ 4 ಏರಿಸಿದೆ. ಈಗ ಗಾಡಿ ಉಸಿರು ಎಳೆದುಕೊಂಡು ನಿಧಾನಕ್ಕೆ ಹೊರಡುತ್ತದೆ, ನಿಲ್ಲುವಾಗಲೂ ಮೊದಲೇ ಯೋಚನೆ ಮಾಡಬೇಕು. ಎರಡು ಸಲ ಸ್ಟೇಷನ್ ದಾಟಿ ಹೋಗಿ ನಿಂತಿದೆ.

ಒಂಬತ್ತನೇ ವಾರ

ಹಳಿಗೆ ಜಲ್ಲಿ ಹಾಕುವ ಕೆಲಸ. ಸೋಸಿದ ಮರಳನ್ನು ಚಮಚದಲ್ಲಿ ಸುರಿದು, ಮೆತ್ತನೆ ಕುಂಚದಲ್ಲಿ ಸ್ಲೀಪರ್‌ಗಳ ನಡುವೆ ಸರಿಸುವುದು. ಚಮಚದ ಹಿಂಬದಿಯಿಂದ ಹಳಿಯನ್ನು ಟಕಟಕ ತಟ್ಟಿದರೆ ಕಾಳುಗಳು ತಾವಾಗಿಯೇ ಕೂರುತ್ತವೆ. ಆಮೇಲೆ ಬಿಳಿ ಗೋಂದಿಗೆ ಅಷ್ಟೇ ನೀರು ಬೆರೆಸಿ ಡ್ರಾಪರ್‌ನಲ್ಲಿ ಹನಿಸುವುದು. ಇಲ್ಲೊಂದು ಮೋಜು. ಬರೀ ಗೋಂದುನೀರು ಹನಿಸಿದರೆ ಹನಿ ಒಳಗೆ ಇಳಿಯುವುದೇ ಇಲ್ಲ. ಮೈಗೆಲ್ಲ ಮರಳು ಮೆತ್ತಿಕೊಂಡು ಗುಂಡಗೆ ಉರುಳುತ್ತದೆ, ಹೋದ ಕಡೆಯೆಲ್ಲ ಗುಂಡಿ ಬೀಳುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಬೆರೆಸಿ, ಮರಳಿಗೂ ಮೊದಲೇ ನೀರು ಚಿಮುಕಿಸಿದರೆ, ಅದೇ ಹನಿ ತಟ್ಟನೆ ಮಾಯ.

ಗಾಡಿಯನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಹತ್ತಿರ ಗೋಂದು ಹರಿದು ನಾಲಿಗೆ ಹಳಿ ಅಂಟಿಕೊಂಡಿತು. ಬ್ಲೇಡ್ ಹಿಡಿದು ಒಂದು ಸಂಜೆಯೆಲ್ಲ ಬಿಡಿಸಿದೆ. ಅದನ್ನು ಇನ್ನು ಬರೆಯುವುದಿಲ್ಲ.

ಬರೆಯಬೇಕಾದದ್ದು ಬೇರೆ ಇದೆ. ಗೋಂದು ಒಣಗಿದ ಮಾರನೇ ದಿನ ಗಾಡಿ ಓಡಿಸಿದರೆ ಮೇಜೆಲ್ಲ ಗುಡುಗು. ಇಂಜಿನ್ ಸದ್ದು ಎಲ್ಲಿ ಹೋಯಿತು ಅಂತಲೇ ತಿಳಿಯುತ್ತಿಲ್ಲ. ಹಳಿಯ ಕೆಳಗೆ ಕಾರ್ಕ್ ಪಟ್ಟಿ ಹಾಕಿದ್ದೇ ಸದ್ದು ಕಡಿಮೆ ಆಗಲಿ ಅಂತ. ಆದರೆ ಗೋಂದು ಕಾರ್ಕಿನ ಅಂಚಿನಿಂದ ಇಳಿದು, ಮರಳಿನ ಜೊತೆ ಕಲ್ಲಿನಂತೆ ಗಟ್ಟಿಯಾಗಿ, ಹಳಿಯನ್ನು ನೇರವಾಗಿ ಪ್ಲೈವುಡ್‌ಗೆ ಕಟ್ಟಿಹಾಕಿತ್ತು. ಚಕ್ರದ ನಡುಕವೆಲ್ಲ ಹಲಗೆಗೆ. ಹಲಗೆ ನಿಜವಾಗಿಯೂ ಹಲಗೆಯೇ ಆಗಿತ್ತು, ಬಾರಿಸಲು ಕೋಲು ಮಾತ್ರ ಇರಲಿಲ್ಲ.

ಅಂಚಿನ ಜಲ್ಲಿಯನ್ನು ಒದ್ದೆ ಮಾಡಿ ಕೆರೆದು ತೆಗೆದೆ. ಈ ಸಲ ಒಣಗಿದ ಮೇಲೂ ರಬ್ಬರಿನಂತೆ ಮೆತ್ತಗಿರುವ ಅಂಟು. ಮೇಜಿನ ತಳಕ್ಕೆ ದಪ್ಪ ಫೋಮ್ ಹಾಳೆ ಅಂಟಿಸಿದೆ. ಗುಡುಗು ಪೂರ್ತಿ ಹೋಗಿಲ್ಲ, ಆದರೆ ಇಂಜಿನ್ ಮಾತು ಮತ್ತೆ ಕೇಳಿಸುತ್ತಿದೆ.

ಹನ್ನೊಂದನೇ ವಾರ

ಬೆಟ್ಟ ಎದ್ದಿದೆ. ಥರ್ಮೋಕೋಲ್ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ಕೊರೆದು, ಮೇಲೆ ಪ್ಲಾಸ್ಟರ್‌ನಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆ ಹೊದಿಸಿದ್ದು. ಇಡೀ ಬೆಟ್ಟವನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದು. ಸುರಂಗದೊಳಗೆ ಗಾಡಿ ಹಳಿ ತಪ್ಪಿದರೆ ಬೇರೆ ದಾರಿ ಇಲ್ಲ ಅಲ್ವಾ?

ಹುಲ್ಲಿಗೆ ಹಳೇ ಸೊಳ್ಳೆ ಬ್ಯಾಟ್ ಬಿಚ್ಚಿದೆ. ಅದರ ಒಂದು ವೈರನ್ನು ಟೀ ಸೋಸುವ ಲೋಹದ ಜಾಲರಿಗೆ, ಇನ್ನೊಂದನ್ನು ಒದ್ದೆ ಗೋಂದಿನಲ್ಲಿ ಚುಚ್ಚಿದ ಮೊಳೆಗೆ ಸೇರಿಸಿದೆ. ಜಾಲರಿಯಲ್ಲಿ 4 ಮಿಮೀ ಉದ್ದದ ನೈಲಾನ್ ಎಳೆಗಳು. ಗುಂಡಿ ಒತ್ತಿ ಜಾಲರಿ ಅಲ್ಲಾಡಿಸಿದರೆ ಎಳೆಗಳು ನೆಟ್ಟಗೆ ಇಳಿದು ಗೋಂದಿನಲ್ಲಿ ನಿಂತುಕೊಳ್ಳುತ್ತವೆ. ಬೋಳು ಪ್ಲಾಸ್ಟರ್ ಮೇಲೆ ಹುಲ್ಲು ಏಳುವುದನ್ನು ಮೊದಲ ಸಲ ನೋಡಿದಾಗ ನನಗೂ ಮಗಳಿಗೂ ಮಾತೇ ಹೊರಡಲಿಲ್ಲ. ಗುಂಡಿ ಬಿಟ್ಟ ಮೇಲೂ ಬ್ಯಾಟಿನೊಳಗೆ ಚಾರ್ಜ್ ಉಳಿದಿರುತ್ತದೆ. ಇದು ಓದಿ ತಿಳಿದದ್ದಲ್ಲ, ಬೆರಳಿಗೆ ತಿಳಿದದ್ದು.

ಒಂದೇ ಹಸಿರು ಹಾಕಿದರೆ ಬಿಲಿಯರ್ಡ್ಸ್ ಮೇಜಿನ ಹಾಗೆ ಕಾಣುತ್ತದೆ. ಮೂರು ಹಸಿರು, ಒಂದು ಒಣ ಹಳದಿ ಬೆರೆಸಿದ ಮೇಲೆ ಬೆಟ್ಟ ಬೆಟ್ಟವಾಯಿತು.

ಹನ್ನೆರಡನೇ ವಾರ

"ಅಮ್ಮಾ, ಇಂಜಿನ್‌ಗೆ ನೆಗಡಿ ಆಗಿದೆ."

ಸರಿಯಾಗಿಯೇ ಹೇಳಿದಳು. ಶಿಳ್ಳೆಯ ಹಿಂದೆ ಒಂದು ಗೊರಗೊರ. ಛುಕ್ ಅನ್ನುವ ಕಡೆ ಛುರ್ರ್. ವಾಲ್ಯೂಮ್ ಇಳಿಸಿದೆ, ಹೋಗಲಿಲ್ಲ. ವೈರು ನೋಡಿದೆ, ಸರಿ ಇತ್ತು. ಡಿಕೋಡರ್ ರೀಸೆಟ್ ಮಾಡಿದೆ, ಇಂಜಿನ್ ಮತ್ತೆ 3ನೇ ನಂಬರ್ ಆಯಿತೇ ಹೊರತು ನೆಗಡಿ ಹೋಗಲಿಲ್ಲ. ಡಿಕೋಡರೇ ಸುಟ್ಟಿದೆ ಅಂದುಕೊಂಡು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ.

ಮೂರನೇ ದಿನ ಕಲ್ಲಿದ್ದಲ ಗಾಡಿಯನ್ನು ಬೋರಲು ಹಾಕಿ ಭೂತಗನ್ನಡಿಯಲ್ಲಿ ನೋಡಿದೆ. ಆ ನಾಲ್ಕು ತೂತು! ಅವುಗಳೊಳಗೆ, ಸ್ಪೀಕರ್‌ನ ತೆಳು ಪರದೆಯ ಮೇಲೆ, ಕಪ್ಪು ಕಾಳುಗಳು ಮೀಸೆಯ ಹಾಗೆ ನೆಟ್ಟಗೆ ನಿಂತಿದ್ದವು. ಮರಳಿನಲ್ಲಿ ಕಬ್ಬಿಣದ ಅಂಶದ ಕಪ್ಪು ಕಾಳು ಇರುತ್ತದೆ. ಸ್ಪೀಕರ್ ಹಿಂದೆ ಇರುವುದೇ ಮ್ಯಾಗ್ನೆಟ್. ನಾನು ಹಾಕಿದ ಜಲ್ಲಿಯಿಂದ ಸಡಿಲ ಕಾಳುಗಳನ್ನು ಇಂಜಿನ್ ಸುತ್ತು ಸುತ್ತಿಗೂ ಆರಿಸಿಕೊಂಡು ಬಂದಿತ್ತು. ಮೋಟಾರಿನೊಳಗೂ ಮ್ಯಾಗ್ನೆಟ್ ಇದೆ. ಅಲ್ಲಿಗೆ ಹೋಗಿದ್ದರೆ ಇನ್ನೂ ಕಷ್ಟವಿತ್ತು.

ಹಲ್ಲುಕಡ್ಡಿಯ ತುದಿಗೆ ಜಿಗುಟು ಮುದ್ದೆ ಮೆತ್ತಿ ಒಂದೊಂದೇ ಕಾಳು ಎತ್ತಿದೆ. ಪರದೆ ಈರುಳ್ಳಿ ಸಿಪ್ಪೆಗಿಂತ ತೆಳು, ಕೈ ನಡುಗಿದರೆ ಮುಗಿಯಿತು. ಒಂದು ಗಂಟೆ ಹಿಡಿಯಿತು. ಸದ್ದು ಮೊದಲಿನಂತೆ ಆಯಿತು. ತೂತುಗಳಿಗೆ ಈಗ ತೆಳ್ಳನೆ ನೈಲಾನ್ ಬಟ್ಟೆ ಅಂಟಿಸಿದ್ದೇನೆ. ಒಂದು ಗೂಡ್ಸ್ ವ್ಯಾಗನ್ ಹೊಟ್ಟೆಗೆ ಮ್ಯಾಗ್ನೆಟ್ ಕಟ್ಟಿ ಹತ್ತು ಸುತ್ತು ಓಡಿಸಿದರೆ ಅದಕ್ಕೂ ಗಡ್ಡ ಬೆಳೆದಿತ್ತು. ಉಳಿದ ಮರಳನ್ನು ಪೇಪರ್ ಮೇಲೆ ಹರವಿ, ಪ್ಲಾಸ್ಟಿಕ್ ಕವರಿನೊಳಗೆ ಮ್ಯಾಗ್ನೆಟ್ ಇಟ್ಟು ಮೂರು ಸಲ ಆಡಿಸಿದೆ. ಕವರ್ ಬಿಚ್ಚಿದರೆ ಕಾಳು ತಾನೇ ಉದುರುತ್ತದೆ. ಮಗಳು ಆ ಮ್ಯಾಗ್ನೆಟ್ ಡಬ್ಬಿಗೆ "ನೆಗಡಿ ಔಷಧಿ" ಅಂತ ಚೀಟಿ ಅಂಟಿಸಿದ್ದಾಳೆ.

ಹದಿನಾಲ್ಕನೇ ವಾರ

ಸುರಂಗದೊಳಗೆ ಮೊದಲು ಹತ್ತಿ ಮೆತ್ತಿದ್ದೆ, ಒಳಗೆ ಹೋದ ಮೇಲೆ ಸದ್ದು ಮಂಕಾಗಲಿ ಅಂತ. ಎಳೆಗಳು ಬೋಗಿಯ ಅಚ್ಚಿಗೆ ಸುತ್ತಿಕೊಂಡವು. ಹತ್ತಿ ಕಿತ್ತು ಫೋಮ್ ಹಾಕಿದೆ. ಈಗ ಗಾಡಿ ಒಳಗೆ ಹೋಗುತ್ತಿದ್ದಂತೆ ಚುರುಕು ಸದ್ದೆಲ್ಲ ಕಡಿಮೆಯಾಗಿ ಬರೀ ದುಬುದುಬು ಉಳಿಯುತ್ತದೆ. ಆಚೆ ಬಾಯಿಗೆ ಬರುವಾಗ ಮತ್ತೆ ತೆರೆದುಕೊಳ್ಳುತ್ತದೆ. ಇದಕ್ಕೆ ಯಾವ ಸಿವಿಯೂ ಬೇಕಾಗಲಿಲ್ಲ, ಬೆಟ್ಟವೇ ಮಾಡುತ್ತದೆ.

ಬಾಕಿ ಇರುವುದು ಛುಕ್ ಲೆಕ್ಕ. ಉಗಿ ಇಂಜಿನ್‌ನ ಎರಡು ಸಿಲಿಂಡರಿನಲ್ಲೂ ಪಿಸ್ಟನ್ ಹೋಗುವಾಗೊಮ್ಮೆ, ಬರುವಾಗೊಮ್ಮೆ ಉಗಿ ಬಿಡುತ್ತದೆ. ಹಾಗಾಗಿ ದೊಡ್ಡ ಚಕ್ರದ ಒಂದು ಸುತ್ತಿಗೆ ನಾಲ್ಕು ಛುಕ್. ಸಿವಿ 57, 58 ತಿರುಗಿಸುತ್ತಾ ಇದನ್ನು ಹೊಂದಿಸಬೇಕು. ಚಕ್ರಕ್ಕೆ ಬಿಳಿ ಬಣ್ಣದ ಚುಕ್ಕೆ ಇಟ್ಟು, ಅತಿ ನಿಧಾನಕ್ಕೆ ಓಡಿಸಿ, ಮಗಳು ಮೂಗನ್ನು ಹಳಿಗೆ ತಾಗಿಸುವಷ್ಟು ಬಗ್ಗಿ ಎಣಿಸುತ್ತಾಳೆ.

"ಐದು, ಅಮ್ಮಾ."

ಇನ್ನೊಂದು ಸಲ.

"ಐದೇ."