‘ಕಲಬುರಗಿಗಾ? ಅಲ್ಲೇನಿದೆ?’ ಅಂತ ಕೇಳುವವರಿಗೆ

ಪ್ರಶ್ನೆ ಇದು: "ಎರಡು ದಿನ ರಜೆ ಸಿಕ್ಕರೆ ಸಾಕು, ಗೆಳೆಯರನ್ನ ಕಟ್ಟಿಕೊಂಡು ಊಟಕ್ಕೆ, ಹಾಡಿಗೆ ಅಂತ ಕಲಬುರಗಿಗೆ ಹೋಗ್ತೀಯಲ್ಲ, ಅಲ್ಲೇನಿದೆ?" ಆಫೀಸಿನಲ್ಲಿ ಕೇಳಿದ್ದಾರೆ. ಮದುವೆ ಮನೆಯಲ್ಲಿ ಕೇಳಿದ್ದಾರೆ. ರೈಲಿನಲ್ಲಿ ಎದುರು ಸೀಟಿನವರೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ಕೇಳುವ ರೀತಿಯ ಬಗ್ಗೆ ಹೇಳಿಬಿಡುತ್ತೇನೆ. ಗೋವಾಕ್ಕೆ ಹೋಗುತ್ತೇನೆ ಅಂದರೆ ಯಾರೂ ಹೀಗೆ ಕೇಳುವುದಿಲ್ಲ. "ಯಾರ್ಯಾರು ಹೋಗ್ತಿದೀರಿ?" ಅನ್ನುತ್ತಾರೆ. ಹೈದರಾಬಾದ್ ಅಂದರೆ ಬಿರಿಯಾನಿ ಪಾರ್ಸೆಲ್ ತರೋಕೆ ಹೇಳುತ್ತಾರೆ. ಕಲಬುರಗಿ ಅಂದ ತಕ್ಷಣ ಹುಬ್ಬು ಮೇಲೆ ಹೋಗುತ್ತದೆ. "ಬಿಸಿಲು ಬಿಟ್ರೆ ಅಲ್ಲೇನಿದೆ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ನಗುತ್ತಾರೆ. ನಾನು ಹುಟ್ಟಿ ಬೆಳೆದ ಊರು ಅದು. ನನಗೆ ಸಿಟ್ಟು ಬರುತ್ತದೆ. ಬಿಸಿಲು ಇದೆ, ಹೌದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆಗ ನಮ್ಮವರೂ ಮಧ್ಯಾಹ್ನ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಆದರೆ ವರ್ಷಕ್ಕೆ ಹನ್ನೆರಡು ತಿಂಗಳು ಅಲ್ವಾ? ಉಳಿದ ತಿಂಗಳ ಬಗ್ಗೆ ಯಾಕೆ ಯಾರೂ ಕೇಳುವುದಿಲ್ಲ?

ಬರೀ ನೋಡುವುದಕ್ಕೆ ಏನಿದೆ ಅಂತ ಬೇಕಿದ್ದರೆ ಬೇಗ ಹೇಳಿ ಮುಗಿಸುತ್ತೇನೆ. ಬಹಮನಿ ಸುಲ್ತಾನರು 1347ರಲ್ಲಿ ರಾಜಧಾನಿ ಮಾಡಿಕೊಂಡ ಊರು ಇದು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿ ಇದೆ. ಬೇರೆ ದೊಡ್ಡ ಮಸೀದಿಗಳಲ್ಲಿ ಇರುವಂಥ ತೆರೆದ ಅಂಗಳ ಇದಕ್ಕಿಲ್ಲ, ಪೂರ್ತಿ ಗುಮ್ಮಟಗಳ ಕೆಳಗೇ ಇದೆ. ಬಂದೇ ನವಾಜ್ ದರ್ಗಾ ಇದೆ, ಶರಣಬಸವೇಶ್ವರ ಗುಡಿ ಇದೆ, ಊರಾಚೆ ಬುದ್ಧವಿಹಾರ ಇದೆ. ಇವನ್ನೆಲ್ಲ ಒಂದು ದಿನದಲ್ಲಿ ಆಟೋ ಮಾಡಿಕೊಂಡು ನೋಡಬಹುದು. ನಾವು ಹೋಗುವುದು ಇವಕ್ಕಲ್ಲ.

ನಾವು ಹೋಗುವುದು ಮೊದಲು ಊಟಕ್ಕೆ. ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದರೆ ಬೆಳಿಗ್ಗೆ ಕಲಬುರಗಿ. 2024ರ ಮಾರ್ಚ್‌ನಿಂದ ವಂದೇ ಭಾರತ್ ಕೂಡ ಓಡುತ್ತಿದೆ, ಆದರೆ ನಮಗೆ ರಾತ್ರಿ ರೈಲೇ ಇಷ್ಟ. ಇಳಿದ ಕೂಡಲೇ ಮಿರ್ಚಿ ಭಜಿ, ಸುಸಲಾ. ನೆನೆಸಿದ ಚುರುಮುರಿಗೆ ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಡುವ ಆ ಸುಸಲಾಕ್ಕೆ ಒಂದು ಕಪ್ ಚಹಾ ಜೊತೆಗಿದ್ದರೆ ರೈಲಿನ ದಣಿವು ಹೋಗುತ್ತದೆ. ಮಧ್ಯಾಹ್ನ ಖಾನಾವಳಿ. ಅಲ್ಲಿ ಮೆನು ಕಾರ್ಡ್ ಇಲ್ಲ. ನಮ್ಮ ಜೊತೆ ಬಂದ ಗೆಳತಿಯೊಬ್ಬಳು ಮೊದಲ ಸಲ "ಏನೇನಿದೆ?" ಅಂತ ಕೇಳಿದಳು. ಬಡಿಸುವ ಅಕ್ಕ ಅವಳ ತಟ್ಟೆಗೆ ರೊಟ್ಟಿ ಹಾಕುತ್ತ "ಹಸಿವಿ ಅದ ಇಲ್ಲವಾ? ಮದ್ಲ ಉಣ್ಣವಾ" ಅಂದರು. ಅಷ್ಟೇ.

ಆ ತಟ್ಟೆಯಲ್ಲಿ ಏನಿತ್ತು ಅಂತ ಹೇಳಲೇಬೇಕು. ಹೆಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ. ಪಕ್ಕದಲ್ಲಿ ಎಣ್ಣೆಗಾಯಿ ಬದನಿಕಾಯಿ, ಹೆಸರುಕಾಳು, ಪುಂಡಿಪಲ್ಯ (ಗೋಂಗೂರ ಸೊಪ್ಪಿನದು). ಶೇಂಗಾ ಹಿಂಡಿ, ಅಗಸಿ ಹಿಂಡಿ ಅನ್ನುವ ಚಟ್ನಿಪುಡಿಗಳು, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಪುಂಡಿಪಲ್ಯದ ಹುಳಿ ನಾಲಿಗೆಗೆ ಹತ್ತಿದ ಮೇಲೆ ಬೇರೆ ಯಾವ ಹುಳಿಯೂ ಸಾಲುವುದಿಲ್ಲ. ಅದರಲ್ಲಿ ಬೇಳೆ ಹಾಕುತ್ತಾರೆ, ಜೋಳದ ನುಚ್ಚು ಹಾಕುತ್ತಾರೆ, ಬೆಳ್ಳುಳ್ಳಿ ಒಗ್ಗರಣೆ ಜೋರಾಗಿರುತ್ತದೆ. ರೊಟ್ಟಿಯನ್ನು ಬೆಂಗಳೂರಿನಲ್ಲೂ ತಿನ್ನಬಹುದು ಅಂತ ಹೇಳುವವರು ಇದ್ದಾರೆ. ತಿನ್ನಬಹುದು. ಬಿಸಿ ರೊಟ್ಟಿಗೆ ಆಯುಷ್ಯ ಕೆಲವೇ ನಿಮಿಷ. ಬಡಿಯುವವರು ಒಳಗೆ ಬಡಿಯುತ್ತಿರಬೇಕು, ಉಣ್ಣುವವರು ಹೊರಗೆ ಉಣ್ಣುತ್ತಿರಬೇಕು. ಆ ಬಡಿಯುವ ಸದ್ದು ಕೇಳದ ಹೋಟೆಲಿನಲ್ಲಿ ನಾನು ರೊಟ್ಟಿ ತರಿಸಿಕೊಳ್ಳುವುದಿಲ್ಲ.

ಬೇಳೆ ಬಗ್ಗೆಯೂ ಒಂದು ಮಾತು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಸುಣ್ಣದ ಕಲ್ಲಿನ ಸೀಮೆಯ ಕಪ್ಪು ಎರೆಮಣ್ಣಿನಲ್ಲಿ ಬೆಳೆದ ಬೇಳೆ ಅದು. ನೀವು ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಬರುವುದೂ ಇದೇ ಜಿಲ್ಲೆಯಿಂದ. ಹಬ್ಬದ ದಿನ ನಮ್ಮ ಅತ್ತಿ ಮಾಡುವ ಬ್ಯಾಳಿ ಹೋಳಿಗೆ, ಕಟ್ಟಿನ ಸಾರು ತಿಂದವರು ಕಲಬುರಗಿಯಲ್ಲಿ ಏನಿದೆ ಅಂತ ಮತ್ತೆ ಕೇಳಿಲ್ಲ.

ಮಾಂಸ ತಿನ್ನುವವರು ತಹರಿ ತಿನ್ನಲೇಬೇಕು. "ಅದು ಬಿರಿಯಾನಿನೇ ಅಲ್ವಾ?" ಅಂತ ಕೇಳಬೇಡಿ. ಬಿರಿಯಾನಿಯಲ್ಲಿ ಅನ್ನ ಬೇರೆ ಬೇಯುತ್ತದೆ, ಪದರ ಪದರವಾಗಿ ಹಾಕಿ ದಮ್ ಕೊಡುತ್ತಾರೆ. ತಹರಿಯಲ್ಲಿ ಮಾಂಸ, ಮಸಾಲೆ, ಅಕ್ಕಿ ಒಂದೇ ಪಾತ್ರೆಯಲ್ಲಿ ಕೂಡಿ ಬೇಯುತ್ತವೆ. ಮಾಂಸದ ರಸವನ್ನು ಅಕ್ಕಿ ಹೀರಿಕೊಳ್ಳುತ್ತದೆ. ಅದರ ರುಚಿಯೇ ಬೇರೆ, ಖಾರವೂ ಬೇರೆ.

ಇನ್ನು ಹಾಡು. ಇಲ್ಲೇ ಜನರಿಗೆ ಅರ್ಥವಾಗದಿರುವುದು. "ಲೈವ್ ಮ್ಯೂಸಿಕ್ ಎಲ್ಲಿ? ಯಾವ ಪಬ್ಬಲ್ಲಿ?" ಅನ್ನುತ್ತಾರೆ. ಊರಲ್ಲಿ ಡಾ. ಎಸ್.ಎಂ. ಪಂಡಿತ್ ರಂಗಮಂದಿರ ಇದೆ. ಅಲ್ಲಿ ಕಾರ್ಯಕ್ರಮಗಳು ಆಗುತ್ತವೆ. ಹೆಸರಾಂತ ಚಿತ್ರಕಾರ ಪಂಡಿತ್ ಹುಟ್ಟಿದ್ದು ಈ ಊರಲ್ಲೇ, 1916ರಲ್ಲಿ. ಆದರೆ ನಾನು ಗೆಳೆಯರನ್ನು ಕರೆದುಕೊಂಡು ಹೋಗುವುದು ತತ್ವಪದ, ಅಂದರೆ ಅನುಭಾವಿಗಳು ಕಟ್ಟಿದ ಹಾಡು ಕೇಳಿಸುವುದಕ್ಕೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಅಮಾವಾಸ್ಯೆ ಶನಿವಾರ ಬಿದ್ದಿತ್ತು. ಜೇವರ್ಗಿ ಕಡೆಯ ಒಂದು ಹಳ್ಳಿಯ ಮಠದಲ್ಲಿ ಭಜನೆ ಇದೆ ಅಂತ ನಮ್ಮ ಮಾಮಾ ಹೇಳಿದರು. ನಾವೆಲ್ಲ ಜೀಪಿನಲ್ಲಿ ಹೋದೆವು. ನಮ್ಮ ಜೊತೆ ಒಬ್ಬ ಗೆಳೆಯ ಇದ್ದ, ಬೆಂಗಳೂರಿನ ಬ್ಯಾಂಡೊಂದರಲ್ಲಿ ಗಿಟಾರ್ ನುಡಿಸುವವನು. ಹೋದವನೇ ಕಟ್ಟೆ ಮೇಲೆ ಕೂತಿದ್ದ ಹಿರಿಯರನ್ನು ಕೇಳಿದ, "ಪ್ರೋಗ್ರಾಂ ಎಷ್ಟು ಗಂಟೆಗೆ ಶುರು ಅಜ್ಜ?"

"ದೀಪ ಹಚ್ಚಿದ ಮ್ಯಾಲ."

"ಮುಗಿಯೋದು?"

"ಹಾಡವ್ರು ದಣದ ಮ್ಯಾಲ, ತಮ್ಮಾ."

ಅವನು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡ. ವೇದಿಕೆ ಇರಲಿಲ್ಲ. ಜಮಖಾನ ಹಾಸಿದ್ದರು. ಒಂದು ಪೇಟಿ, ಒಂದು ತಬಲಾ, ಏಕತಾರಿ, ದಮ್ಮಡಿ, ನಾಲ್ಕಾರು ಜೊತೆ ತಾಳ. ಹಾಡುವವರು ಆ ಊರಿನವರೇ. ಹಗಲು ಹೊಲದಲ್ಲಿ ಕಳೆ ತೆಗೆದು, ಸಂಜೆ ಮೈ ತೊಳೆದುಕೊಂಡು ಬಂದವರು. ಮೊದಲು ಗುರುವಿನ ಪದ. ಆಮೇಲೆ ಕಡಕೋಳ ಮಡಿವಾಳಪ್ಪನವರ ಪದಗಳು. 18, 19ನೇ ಶತಮಾನದಲ್ಲಿ ಬದುಕಿದ್ದ ಮಡಿವಾಳಪ್ಪನವರ ಕಡಕೋಳ ಇರುವುದು ಇದೇ ಜಿಲ್ಲೆಯಲ್ಲಿ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬ ಇದ್ದರು, ಖೈನೂರ ಕೃಷ್ಣಪ್ಪ ಇದ್ದರು. ಯಾರ ಜಾತಿ, ಯಾರ ಧರ್ಮ ಅಂತ ಹೆಸರಿನಿಂದಲೇ ಹುಡುಕುವವರು ಈ ಶಿಷ್ಯರ ಹೆಸರುಗಳನ್ನು ಒಂದು ಸಲ ಓದಬೇಕು. ಆ ಪದಗಳನ್ನು ಇವತ್ತಿಗೂ ಒಂದೇ ಜಮಖಾನದ ಮೇಲೆ ಕೂತು ಹಾಡುತ್ತಾರೆ.

ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಸಾಲು ತಿರುಗಿ ತಿರುಗಿ ಬರುತ್ತದೆ. ಪ್ರತಿ ಸಲ ಬಂದಾಗ ಸ್ವಲ್ಪ ಎತ್ತರ, ಸ್ವಲ್ಪ ವೇಗ. ನಡುರಾತ್ರಿಗೆ ಚಹಾ ಬಂತು. ನಮ್ಮ ಗಿಟಾರ್ ಗೆಳೆಯನ ಕೈಗೆ ಯಾರೋ ತಾಳ ಕೊಟ್ಟರು. ಅವನಿಗೆ ಸಂಗೀತ ಗೊತ್ತು, ಒಳ್ಳೆಯ ಕಲಾವಿದ. ಆದರೂ ಪದ ವೇಗ ಹಿಡಿದಾಗ ತಾಳ ತಪ್ಪಿತು. ಪಕ್ಕದಲ್ಲಿದ್ದ ಅಮ್ಮ ಹಾಡು ನಿಲ್ಲಿಸಲಿಲ್ಲ, ಅವನ ಕಡೆ ತಿರುಗಲೂ ಇಲ್ಲ. ಸುಮ್ನೆ ಅವನ ಮಣಿಕಟ್ಟು ಹಿಡಿದುಕೊಂಡು ತಾವೇ ತಾಳ ಹಾಕಿಸಿದರು, ಅವನಿಗೆ ಸಿಗುವವರೆಗೂ. ಸಿಕ್ಕ ಮೇಲೆ ಕೈ ಬಿಟ್ಟರು. ಬೆಳಗಿನ ಜಾವ ಜೀಪಿನಲ್ಲಿ ಅವನು ಹೇಳಿದ, "ನಾನು ಇಷ್ಟು ವರ್ಷ ಸ್ಟೇಜಿನ ಮೇಲೆ ನಿಂತು ಜನ ಹಾಡಲಿ ಅಂತ ಕಾದಿದೀನಿ ಕಣೇ. ಇಲ್ಲಿ ಹಾಡದೆ ಕೂರೋಕೆ ಯಾರೂ ಬಿಡಲ್ವಲ್ಲ."

ಅಲ್ಲಿ ಟಿಕೆಟ್ ಇರಲಿಲ್ಲ. ಊಟ ಇತ್ತು. ಗೋಧಿ ಹುಗ್ಗಿ, ಅನ್ನ, ಬ್ಯಾಳಿ ಸಾರು. ಉಣ್ಣದೆ ಹೋಗಬಾರದು ಅನ್ನುವುದೊಂದೇ ಷರತ್ತು.

ಹಾಗಾಗಿ "ಅಲ್ಲೇನಿದೆ?" ಅನ್ನುವ ಪ್ರಶ್ನೆ ನನಗೆ ಕೇಳಲೇಬೇಡಿ. "ಯಾವಾಗ ಹೋಗಬೇಕು?" ಅಂತ ಕೇಳಿ. ಇಷ್ಟು ವರ್ಷ ಯಾರಾದರೂ ಇದನ್ನು ಕೇಳಲಿ ಅಂತ ಕಾದಿದ್ದೇನೆ. ಕಲಬುರಗಿಯಲ್ಲಿ ಒಳ್ಳೆಯ ಊಟ, ಒಳ್ಳೆಯ ಹಾಡು ನೀವು ಬಂದಿದ್ದೀರಿ ಅಂತ ನಡೆಯುವುದಿಲ್ಲ. ಹುಣ್ಣಿಮೆ ಬಂತು, ಉರುಸು (ಸೂಫಿ ಸಂತರ ಪುಣ್ಯತಿಥಿ) ಬಂತು, ಬೆಳೆ ಬಂತು ಅಂತ ನಡೆಯುತ್ತದೆ. ಆ ದಿನ ಹೋದರೆ ಕೈ ತುಂಬ ಸಿಗುತ್ತದೆ. ಬೇರೆ ದಿನ ಹೋಗಿ, ಏನೂ ಇಲ್ಲ ಅಂತ ವಾಪಸ್ ಬಂದು ಊರನ್ನು ಬೈದರೆ ತಪ್ಪು ಊರಿನದಲ್ಲ.

ಕೇಳಿದ್ದೀರಿ ಅಂತಲೇ ಅಂದುಕೊಂಡು ಹೇಳುತ್ತೇನೆ.

ಕವ್ವಾಲಿ ಬೇಕಿದ್ದರೆ ಖ್ವಾಜಾ ಬಂದೇ ನವಾಜ್ ಉರುಸಿಗೆ ಹೋಗಿ. ಅವರು ಚಿಶ್ತಿ ಪಂಥದ ಸೂಫಿ ಸಂತರು, ದೆಹಲಿಯ ನಸೀರುದ್ದೀನ್ ಚಿರಾಗ್ ಅವರ ಶಿಷ್ಯರು. ಫಿರೋಜ್ ಶಾ ಬಹಮನಿಯ ಕಾಲದಲ್ಲಿ ಇಲ್ಲಿಗೆ ಬಂದರು, 1422ರಲ್ಲಿ ತೀರಿಕೊಂಡರು. ಚಿಶ್ತಿಗಳಿಗೆ ಹಾಡು ಕೇಳುವುದೂ ಸಾಧನೆಯ ಒಂದು ದಾರಿ. ಉರುಸು ಇಸ್ಲಾಮಿ ಕ್ಯಾಲೆಂಡರಿನ ಜುಲ್ಕಾದಾ ತಿಂಗಳ 15ರ ಆಸುಪಾಸಿನಲ್ಲಿ ಬರುತ್ತದೆ. ಅದು ಚಂದ್ರನ ಲೆಕ್ಕ. ನಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹೋಗುವ ಮೊದಲು ತಾರೀಕು ನೋಡಿಕೊಳ್ಳಿ. ತಲೆಗೆ ಒಂದು ಬಟ್ಟೆ ಇರಲಿ.

ಜಾತ್ರೆ ಬೇಕಿದ್ದರೆ ಹೋಳಿ ಹುಣ್ಣಿಮೆ ಕಳೆದ ಕೆಲವೇ ದಿನಕ್ಕೆ ಶರಣಬಸವೇಶ್ವರರ ತೇರು. ದಾಸೋಹಕ್ಕೆ ಹೆಸರಾದ ಶರಣರು ಅವರು, ಇವತ್ತಿಗೂ ಬಂದವರಿಗೆ ಉಣ್ಣಲು ಹಾಕುವುದು ನಿಂತಿಲ್ಲ. ಬಿಸಿಲು ಶುರುವಾಗಿರುತ್ತದೆ, ನೀರಿನ ಬಾಟಲಿ ಒಯ್ಯಿರಿ. ಮೊಹರಂ ಬಂದರೆ ಹಳ್ಳಿಗಳ ಕಡೆ ನಡೆಯಿರಿ. ಅಲಾಯಿ, ಅಂದರೆ ಬೆಂಕಿಯ ಕುಣಿ, ಅದರ ಸುತ್ತ ಹೆಜ್ಜೆ ಹಾಕುತ್ತ ಕನ್ನಡದಲ್ಲೇ ರಿವಾಯತ್ ಅನ್ನುವ ಮೊಹರಂ ಪದ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ.

ಎಲ್ಲಕ್ಕಿಂತ ನನಗೆ ಇಷ್ಟದ ದಿನ ಎಳ್ಳ ಅಮಾವಾಸ್ಯೆ. ಡಿಸೆಂಬರಿಗೋ ಜನವರಿಗೋ ಬರುತ್ತದೆ. ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭೂತಾಯಿಗೆ ಚರಗ ಚೆಲ್ಲುತ್ತಾರೆ, ಅಂದರೆ ಮಾಡಿದ ಅಡುಗೆಯನ್ನು ಮೊದಲು ಹೊಲದ ತುಂಬ ಎರಚುತ್ತಾರೆ. ಆಮೇಲೆ ಜೋಳದ ಬೆಳೆಯ ನಡುವೆ ಕೂತು ಊಟ. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ್ದು. ಸಜ್ಜಿ ಕಡಬು. ಭಜ್ಜಿ ಪಲ್ಯ: ಹಸಿ ತೊಗರಿಕಾಳು, ಬದನಿಕಾಯಿ, ಗಜ್ಜರಿ, ಮೆಂತ್ಯೆ, ಆ ಋತುವಿನಲ್ಲಿ ಹೊಲದಲ್ಲಿ ಸಿಕ್ಕಿದ್ದೆಲ್ಲ ಕೂಡಿಸಿ ಮಾಡುವುದು. ಅದು ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ. ಯಾರದೋ ಹೊಲಕ್ಕೆ ಯಾರೋ ಕರೆಯಬೇಕು. ಗುರುತಿಲ್ಲದವರು ದಾರಿಯಲ್ಲಿ ಸಿಕ್ಕರೂ "ಬರ್ರಿ, ಉಂಡು ಹೋಗ್ರಿ" ಅಂತ ಕೂಗುತ್ತಾರೆ, ಅದು ಬಾಯಿಮಾತಲ್ಲ. ಸಂಜೆ ಅಮಾವಾಸ್ಯೆ ಭಜನೆಯೂ ಇರುತ್ತದೆ. ಊಟ, ಹಾಡು ಎರಡೂ ಒಂದೇ ದಿನ.

ಈ ಸಲದ ಎಳ್ಳ ಅಮಾವಾಸ್ಯೆಗೆ ನಾವು ಹೋಗುತ್ತಿದ್ದೇವೆ. ಬರುವವರು ರೈಲು ಟಿಕೆಟ್ ಈಗಲೇ ಮಾಡಿಸಿ, ಹಬ್ಬದ ಹೊತ್ತಿಗೆ ಸೀಟು ಸಿಗುವುದಿಲ್ಲ. ರಾತ್ರಿ ಹೊಲದ ಕಡೆ ಚಳಿ ಜಾಸ್ತಿ, ಒಂದು ಚಾದರ ಇಟ್ಟುಕೊಳ್ಳಿ. ಎಷ್ಟು ಜನ ಅಂತ ವಾರ ಮೊದಲೇ ನನಗೆ ತಿಳಿಸಿ. ಸಜ್ಜಿ ರೊಟ್ಟಿ ಎರಡು ದಿನ ಮುಂಚೆಯೇ ಬಡಿದು ಇಡುತ್ತಾರೆ, ಅತ್ತಿಗೆ ಲೆಕ್ಕ ಬೇಕು.